ಎರಡನೇ ಕಾಲಂ ತುಂಬಿಸಿದವರಿಗೆ

ಕೆಲಸ ಮುಗಿಯಿತು. ಪೂರ್ತಿ ಮುಗಿದಿಲ್ಲ, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ಮೊನ್ನೆ, 2025ರ ಮೇ 26, ಅಮೆರಿಕದವರು ಮಡಿದ ಸೈನಿಕರನ್ನು ನೆನೆಯುವ, ಮೆಮೋರಿಯಲ್ ಡೇ ಅನ್ನುವ ಸೋಮವಾರ, ನಮ್ಮ ಟೌನ್‌ಶಿಪ್ಪಿನ ಸ್ಮಶಾನದ ಹೆಸರುಗಳ ಪುಸ್ತಕವನ್ನು ಊರಿನ ಲೈಬ್ರರಿಗೆ ಕೊಟ್ಟು ಬಂದೆ. ನಾನೂರಕ್ಕೂ ಜಾಸ್ತಿ ಹೆಸರು. ಹತ್ತಿರ ಹತ್ತಿರ ಐದು ವರ್ಷದ ಕೆಲಸ. ಊರಿನವರಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳಿ ಆಯಿತು. ಅಲ್ಲಿನ ವಾರಪತ್ರಿಕೆಯಲ್ಲಿ ಅದು ಅಚ್ಚಾಗಿಯೂ ಆಯಿತು. ಹೇಳಬೇಕಾದದ್ದರಲ್ಲಿ ಅರ್ಧವೂ ಬರಲಿಲ್ಲ ಅನ್ನಿಸಿತು. ಅಲ್ಲದೆ ಇದಕ್ಕೆ ಕೈ ಜೋಡಿಸಿದವರಲ್ಲಿ ಕನ್ನಡದವರೂ ಇದ್ದೀರಿ. ಹಾಗಾಗಿ ಇನ್ನೊಂದು ಸಲ, ಕನ್ನಡದಲ್ಲಿ.

ನಾವಿರುವುದು ಅಯೋವಾ ರಾಜ್ಯದಲ್ಲಿ. ಸೀಡರ್ ರಾಪಿಡ್ಸ್ ನಗರದಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. ನನ್ನ ಗಂಡ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು, ಮೆಕ್ಕೆಜೋಳದ ಬೀಜದ ಕೆಲಸಕ್ಕೆ ಅಂತ ಇಲ್ಲಿಗೆ ಬಂದರು. ಸುತ್ತ ಎಲ್ಲಿ ನೋಡಿದರೂ ಜೋಳ, ಸೋಯಾ, ಮತ್ತೆ ಜೋಳ. ಆರು ಮೈಲಿ ಉದ್ದ, ಆರು ಮೈಲಿ ಅಗಲ ಅಳೆದರೆ ಒಂದು ಟೌನ್‌ಶಿಪ್. ರಸ್ತೆಗಳೆಲ್ಲ ಚೌಕಾಬಾರದ ಮನೆಯ ಗೆರೆಗಳಂತೆ ನೆಟ್ಟಗೆ. ನಡುವೆ ಒಂದು ದಿಬ್ಬ, ದಿಬ್ಬದ ಮೇಲೆ ಬೇಲಿ, ಬೇಲಿಯೊಳಗೆ ಸ್ಮಶಾನ. ಹಿಂದಿನ 50 ವರ್ಷದಲ್ಲಿ 12 ಜನಕ್ಕಿಂತ ಹೆಚ್ಚು ಹೂಳದ ಜಾಗವನ್ನು ಅಯೋವಾದ ಕಾನೂನು ‘ಪಯನೀರ್ ಸ್ಮಶಾನ’ ಅನ್ನುತ್ತದೆ. ನಮ್ಮದು (ನೋಡಿ, ನಮ್ಮದು ಅಂದುಬಿಟ್ಟೆ) ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ವರ್ಷಕ್ಕೆ ಒಬ್ಬಿಬ್ಬರು ಬರುತ್ತಲೇ ಇದ್ದಾರೆ.

ಶುರುವಾಗಿದ್ದು 2020ರ ಆಗಸ್ಟ್ 10ರಂದು. ಮಟಮಟ ಮಧ್ಯಾಹ್ನ ಕತ್ತಲಾಯಿತು. ಅದು ಸುಂಟರಗಾಳಿ ಅಲ್ಲ, ಡೆರೇಚೋ. ಸುತ್ತುವುದಿಲ್ಲ, ಗೋಡೆಯ ಹಾಗೆ ನೇರ ನುಗ್ಗುತ್ತದೆ. ಸ್ಪ್ಯಾನಿಷಿನಲ್ಲಿ ಆ ಪದಕ್ಕೆ ‘ನೇರ’ ಅಂತಲೇ ಅರ್ಥ. 1888ರಲ್ಲಿ ಈ ಹೆಸರು ಇಟ್ಟವರೂ ಅಯೋವಾದ ಪ್ರೊಫೆಸರೇ, ಗುಸ್ಟಾವಸ್ ಹಿನ್ರಿಕ್ಸ್ ಅಂತ. ಸೀಡರ್ ರಾಪಿಡ್ಸ್ ಹತ್ತಿರ ಗಂಟೆಗೆ 140 ಮೈಲಿ ವೇಗ ಇದ್ದಿರಬೇಕು ಅಂತ ಆಮೇಲೆ ಅಂದಾಜು ಮಾಡಿದರು. ಆಳೆತ್ತರ ಮೀರಿ ನಿಂತಿದ್ದ ಜೋಳ ಚಾಪೆ ಹಾಸಿದಂತೆ ಮಲಗಿತು. ನಮ್ಮ ಮನೆಗೆ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಸ್ಮಶಾನದ ಹಳೇ ಮರಗಳು ಬುಡ ಸಮೇತ ಕಿತ್ತು ಕಲ್ಲುಗಳ ಮೇಲೆ ಬಿದ್ದಿದ್ದವು.

ಮೊದಲ ನಮಸ್ಕಾರ ಟೌನ್‌ಶಿಪ್ಪಿನ ಮೂವರು ಟ್ರಸ್ಟಿಗಳಿಗೆ. ಮೂವರೂ ರೈತರು. ಅವರವರ ಹೊಲದಲ್ಲೇ ಬೆಳೆ ನೆಲ ಕಚ್ಚಿತ್ತು, ಶೆಡ್ಡಿನ ತಗಡು ಹಾರಿ ಹೋಗಿತ್ತು. ಆದರೂ ಆ ವಾರವೇ ಮರ ಕೊಯ್ಯುವ ಮೆಷಿನ್ ಹಿಡಿದು ಬಂದರು. ಮನೆಯಲ್ಲಿ ಸುಮ್ನೆ ಕೂರಲಾರದೆ ಕಾಫಿ ತಗೊಂಡು ಹೋದವಳು ನಾನು. ಒಡೆದ ಕಲ್ಲಿನ ಯಾವ ಚೂರು ಯಾರದು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಳೇ ರಿಜಿಸ್ಟರಿನ ಹಾಳೆಗಳಲ್ಲಿ ಅರ್ಧ ಮಾಸಿ ಹೋಗಿದ್ದವು. “ನೀನು ಲೈಬ್ರರಿಯಲ್ಲಿ ಕೆಲಸ ಮಾಡ್ತೀಯಲ್ಲ, ಒಂದು ಪಟ್ಟಿ ಮಾಡು” ಅಂದರು. ಎರಡು ವಾರದ ಕೆಲಸ ಅಂದುಕೊಂಡೆ. ಪಾಪ, ಅವರೂ ಹಾಗೇ ಅಂದುಕೊಂಡಿದ್ದರು.

ಪಕ್ಕದ ಹೊಲದ ಮನೆಯಲ್ಲಿ ಎಂಬತ್ತೇಳು ವರ್ಷದವರೊಬ್ಬರಿದ್ದರು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಬಾಯಿ ಬರಲಿಲ್ಲ. ‘ಅಜ್ಜಿ’ ಅಂದೆ, ಅರ್ಥ ಹೇಳಿದೆ. ಅವರಿಗೆ ಎಷ್ಟು ಹಿಡಿಸಿತು ಅಂದರೆ ಕ್ರಿಸ್‌ಮಸ್ ಕಾರ್ಡಿಗೆ ‘ಅಜ್ಜಿ’ ಅಂತಲೇ ಸಹಿ ಹಾಕತೊಡಗಿದರು. ಮೊದಲ ದಿನ ನಾನು ಬಾತ್‌ರೂಮ್ ಉಜ್ಜುವ ತಂತಿ ಬ್ರಷ್ಷು, ಬ್ಲೀಚು ಹಿಡಿದು ಸ್ಮಶಾನಕ್ಕೆ ಹೊರಟಿದ್ದೆ. ಕಾರು ನಿಲ್ಲಿಸಿ ಬೈದರು. ಹಳೇ ಅಮೃತಶಿಲೆಯ ಮೇಲ್ಮೈ ಸಕ್ಕರೆಯ ಹಾಗೆ ಉದುರುತ್ತದೆ. ಬರೀ ನೀರು, ಮೆತ್ತನೆ ಬ್ರಷ್ಷು, ಅಷ್ಟೇ. ಅಕ್ಷರ ಕಾಣದಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಬೀಳಿಸಬೇಕು. ಆಗ ನೆರಳಿನಲ್ಲಿ ಅಕ್ಷರ ಎದ್ದು ನಿಲ್ಲುತ್ತದೆ. ಮೊದಲ ಸಲ ಹಾಗೆ ಒಂದು ಹೆಸರು ಎದ್ದಾಗ ನಾನು ಕೂಗಿಯೇ ಬಿಟ್ಟೆ.

ಮೊದಲ ವರ್ಷ ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಕಾಲಂ. ಕಲ್ಲು ಏನು ಹೇಳುತ್ತದೋ ಅದು. ಹೆಸರು, ಹುಟ್ಟು, ಸಾವು. ಹಳೇ ಕಲ್ಲುಗಳಲ್ಲಿ ವಯಸ್ಸನ್ನು ದಿನದ ಲೆಕ್ಕದಲ್ಲಿ ಕೆತ್ತುತ್ತಿದ್ದರು: 34 ವರ್ಷ, 5 ತಿಂಗಳು, 12 ದಿನ. ಮಕ್ಕಳ ಕಲ್ಲಿನ ಮೇಲೆ ಮಲಗಿದ ಕುರಿಮರಿ. ಸಿವಿಲ್ ವಾರ್, ಅಂದರೆ ಅಮೆರಿಕದ ಅಂತರ್ಯುದ್ಧದ ಸೈನಿಕರ ಪಕ್ಕ ಕಬ್ಬಿಣದ ನಕ್ಷತ್ರ. ಒಬ್ಬ ಹುಡುಗನ ಕಲ್ಲು ಮಾತ್ರ ಇಲ್ಲಿದೆ, ದೇಹ ಇಲ್ಲ. 1863ರಲ್ಲಿ ಅದೇ ಯುದ್ಧದ ವಿಕ್ಸ್‌ಬರ್ಗ್ ಮುತ್ತಿಗೆಗೆ ಹೋದವನು ಅಲ್ಲೇ ಮಣ್ಣಾದ. ನಮ್ಮ ಕೆರೆ ಏರಿ ಮೇಲಿನ ವೀರಗಲ್ಲು ನೆನಪಾಯಿತು. ಅದರ ಮುಂದೆ ಕಾಯಿ ಒಡೆಯುತ್ತಿದ್ದೆವು, ಅದು ಯಾರದು ಅಂತ ಒಬ್ಬರೂ ಕೇಳಿರಲಿಲ್ಲ.

2021ರ ಮೇ ತಿಂಗಳಲ್ಲಿ ತಿಪಟೂರಿನಲ್ಲಿ ಅಪ್ಪ ಹೋದರು. ಕೋವಿಡ್. ಆ ದಿನಗಳು ಹೇಗಿದ್ದವು ಅಂತ ನಿಮಗೆಲ್ಲ ಗೊತ್ತು. ಹೋಗಲು ಆಗಲಿಲ್ಲ. ಫೋನಿನಲ್ಲಿ ನೋಡಿದೆ.

ಅಜ್ಜಿ ರೂಬಾರ್ಬ್ ಪೈ ಹಿಡಿದು ಬಂದರು. ರೂಬಾರ್ಬ್ ಅಂದರೆ ಒಂದು ಹುಳಿ ದಂಟು. ಅದರಲ್ಲಿ ಗೊಜ್ಜು ಚೆನ್ನಾಗಿ ಆಗುತ್ತದೆ, ಆದರೆ ಅಜ್ಜಿಗೆ ಅದನ್ನು ನಂಬಿಸಲು ಕೊನೆಗೂ ಆಗಲಿಲ್ಲ. ಬಂದವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಡುಗೆಮನೆಯಲ್ಲಿ ಕೂತು ಕೇಳಿದರು: “ನಿಮ್ಮಪ್ಪ ಏನು ಕೆಲಸ ಮಾಡ್ತಿದ್ದರು? ಯಾವುದಕ್ಕೆ ನಗ್ತಿದ್ದರು?”

ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಒಣಗಿಸಿಟ್ಟ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದರು. ತಮ್ಮ ಜೋಕಿಗೆ ತಾವೇ ಮೊದಲು ನಗುತ್ತಿದ್ದರು. ಹೀಗೆ ಎರಡು ಗಂಟೆ ಮಾತಾಡಿದೆ. ನಮ್ಮವರು ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಆಕ್ಸಿಜನ್ ಎಷ್ಟಿತ್ತು, ಯಾವ ದಿನ ಸೇರಿಸಿದಿರಿ, ಅದನ್ನೇ ಕೇಳುತ್ತಿದ್ದರು. ಅವರ ತಪ್ಪೇನಿಲ್ಲ, ಕಾಲ ಹಾಗಿತ್ತು.

ಮಾರನೇ ವಾರ ನನ್ನ ಪಟ್ಟಿಗೆ ಎರಡನೇ ಕಾಲಂ ಹಾಕಿದೆ. ಮೇಲೆ ಅಜ್ಜಿಯ ಪ್ರಶ್ನೆಯನ್ನೇ ಬರೆದೆ. ಆಮೇಲೆ ಊರಿನ ಹಿರಿಯರ ಮನೆ ಮನೆಗೆ ಹೋದೆ.

ಆ ಬಾಗಿಲುಗಳನ್ನು ತೆರೆದವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಒಂದು ಕಲ್ಲಿನ ಮೇಲೆ ಒಬ್ಬ ಟೀಚರ್ ಹೆಸರು, ಎರಡು ಇಸವಿ, ಅಷ್ಟೇ ಇತ್ತು. ಒಂದೇ ಕೋಣೆಯ ಶಾಲೆ ನಡೆಸಿದವರು, ಮದುವೆಯಾಗಿರಲಿಲ್ಲ. ಅವರ ಹತ್ತಿರ ಕಲಿತ ಮುದುಕರೊಬ್ಬರು ಹೇಳಿದರು: ಚಳಿಗಾಲದಲ್ಲಿ ಮಕ್ಕಳು ಮನೆಯಿಂದ ತಂದ ಆಲೂಗಡ್ಡೆಯನ್ನು ಟೀಚರ್ ಬೆಳಿಗ್ಗೆಯೇ ಒಲೆಯ ಬೂದಿಯಲ್ಲಿ ಹೂಳುತ್ತಿದ್ದರಂತೆ. ಮಧ್ಯಾಹ್ನಕ್ಕೆ ಬೆಂದಿರುತ್ತಿತ್ತು. ತರದ ಮಕ್ಕಳಿಗೂ ಒಂದೊಂದು ಸಿಗುತ್ತಿತ್ತು. ಹೇಗೆ ಅಂತ ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಕಡೆ ಒಂದೇ ಮನೆಯ ನಾಲ್ಕು ಕುರಿಮರಿ ಕಲ್ಲು, ನಾಲ್ಕೂ 1879ರವು, ನಾಲ್ಕು ಸಾವೂ ಮೂರು ವಾರದ ಒಳಗೆ. ಡಿಫ್ತೀರಿಯಾ, ಗಂಟಲುಮಾರಿ. ಆ ತಾಯಿಗೆ ಆಮೇಲೆ ಮತ್ತೊಂದು ಹೆಣ್ಣು ಮಗು ಆಯಿತು. ಹೋದವಳ ಹೆಸರನ್ನೇ ಇಟ್ಟರು. ಆ ಎರಡನೆಯವಳ ಮೊಮ್ಮಗಳು ನನಗೆ ಇದನ್ನು ಹೇಳಿದ್ದು ತನ್ನ ಮನೆ ಜಗುಲಿಯಲ್ಲಿ ಅವರೆಕಾಳು ಬಿಡಿಸುವ ಹಾಗೆ ಬಟಾಣಿ ಬಿಡಿಸುತ್ತಾ. ನಾನೂ ಬಿಡಿಸಿದೆ.

ಬೂದು ನೀಲಿ ಬಣ್ಣದ ಒಂದು ಎತ್ತರದ ಸ್ಮಾರಕ ಇದೆ. ಕಲ್ಲಲ್ಲ, ಸತು. 1870ರ ದಶಕದಿಂದ 1914ರವರೆಗೆ ಕನೆಟಿಕಟ್‌ನ ಒಂದು ಕಂಪನಿ ಇವನ್ನು ‘ಬಿಳಿ ಕಂಚು’ ಅಂತ ಹೆಸರಿಟ್ಟು ಮಾರುತ್ತಿತ್ತು. ಅಕ್ಷರ ಇವತ್ತಿಗೂ ನಿನ್ನೆ ಮಾಡಿದಂತಿದೆ. ಒಳಗೆ ಟೊಳ್ಳು, ತಟ್ಟಿದರೆ ಡಬ್ಬದ ಸದ್ದು. ಹೆಂಡ ನಿಷೇಧದ ಕಾಲದಲ್ಲಿ ಬಾಟಲಿಗಳನ್ನು ಅದರೊಳಗೆ ಬಚ್ಚಿಡುತ್ತಿದ್ದರು ಅಂತ ಟ್ರಸ್ಟಿಗಳಲ್ಲಿ ಒಬ್ಬರು ಆಣೆ ಇಟ್ಟು ಹೇಳುತ್ತಾರೆ. ಇಂಥ ಕಥೆ ಬೇರೆ ಊರುಗಳಲ್ಲೂ ಇವೆ. ಇರಲಿ, ಪೆನ್ಸಿಲಿನಲ್ಲಿ ಬರೆದಿದ್ದೇನೆ.

1985ರ ಒಂದು ಕಲ್ಲಿದೆ. ಆಗ ಇಲ್ಲಿ ರೈತರ ಸಾಲ, ಹರಾಜು, ಮುಳುಗಿದ ಬ್ಯಾಂಕುಗಳ ಕಾಲ. ಆ ಮನೆಯ ಮಗ ನನಗೆ ಕಾಫಿ ಕೊಟ್ಟು, ಸ್ವಲ್ಪ ಹೊತ್ತು ಕೂತು, “ಅದನ್ನು ಖಾಲಿ ಬಿಡಿ” ಅಂದರು. ಖಾಲಿ ಬಿಟ್ಟಿದ್ದೇನೆ. ಅವರಿಗೂ ಥ್ಯಾಂಕ್ಸ್.

ಈಗ ಜರ್ಮನ್ ಕಲ್ಲುಗಳ ವಿಷಯ. ನಮ್ಮ ಟೌನ್‌ಶಿಪ್ಪಿಗೆ ಬಂದು ನೆಲೆಸಿದವರಲ್ಲಿ ಜರ್ಮನರೇ ಜಾಸ್ತಿ. ಒಬ್ಬ ಗಂಡನ ಕಲ್ಲು 1912ರದು, ಜರ್ಮನ್‌ನಲ್ಲಿದೆ. ಪಕ್ಕದಲ್ಲೇ ಹೆಂಡತಿಯದು 1921ರದು, ಇಂಗ್ಲಿಷಿನಲ್ಲಿ. ನಡುವೆ ಏನಾಯಿತು ಅಂದರೆ, ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಹೋರಾಡುತ್ತಿದ್ದಾಗ, 1918ರ ಮೇ ತಿಂಗಳಲ್ಲಿ ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ, ಚರ್ಚಿನಲ್ಲಿ, ರೈಲಿನಲ್ಲಿ, ಕೊನೆಗೆ ಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು. ಅಜ್ಜಿಯ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಬೇಸಿಗೆಯೆಲ್ಲ ಭಾನುವಾರ ಚರ್ಚಿಗೆ ಹೋಗಿ ಬಾಯಿ ಬಿಡದೆ ಕೂತು ಬರುತ್ತಿದ್ದರಂತೆ. ನಾನಾದರೋ ದಿನಸಿ ಅಂಗಡಿಯ ನಡುವೆ ನಿಂತು ಅಮ್ಮನ ಜೊತೆ ಜೋರಾಗಿ ಕನ್ನಡದಲ್ಲಿ ಫೋನ್ ಮಾಡುವವಳು. ಅವತ್ತಿನಿಂದ ಆ ಅಂಗಡಿಗೆ ಹೋದಾಗೆಲ್ಲ ಒಮ್ಮೆ ಆ ಹೆಂಗಸಿನ ನೆನಪಾಗುತ್ತದೆ. ಆದರೆ ದನಿಯನ್ನೇನೂ ತಗ್ಗಿಸಿಲ್ಲ.

ಆ ಹಳೇ ಜರ್ಮನ್ ಲಿಪಿ ಇಲ್ಲಿನ ಮೊಮ್ಮಕ್ಕಳಿಗೆ ಓದಲು ಬರುವುದಿಲ್ಲ. ಓದಿಕೊಟ್ಟವಳು ಬೆಂಗಳೂರಿನ ಗೆಳತಿ, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತವಳು. ನಾನು ಸಂಜೆ ಫೋಟೋ ಕಳಿಸಿ ಮಲಗಿದರೆ, ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಮುಂದಿರುವ ಬೆಂಗಳೂರಿನಿಂದ ಬೆಳಿಗ್ಗೆ ಏಳುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ‘ಇಲ್ಲಿ ದೇವರಲ್ಲಿ ವಿಶ್ರಮಿಸಿದ್ದಾರೆ’ ಅಂತ ಅವಳು ಕನ್ನಡದಲ್ಲಿ ಬರೆದಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಅಯೋವಾದ ಮೊಮ್ಮಗನಿಗೆ ಓದಿ ಹೇಳಿದ್ದೇನೆ. ಶಿವಮೊಗ್ಗದ ಅತ್ತಿಗೆಯ ಮಗಳು ಪರೀಕ್ಷೆ ಮುಗಿದ ರಜೆಯಲ್ಲಿ ಕೂತು ಹೆಸರುಗಳನ್ನು ಟೈಪ್ ಮಾಡಿಕೊಟ್ಟಳು. ಸೀಡರ್ ರಾಪಿಡ್ಸಿನ ಕನ್ನಡದ ಮನೆಗಳವರು ಎರಡು ಶನಿವಾರ ಬಕೆಟ್ಟು, ಬ್ರಷ್ಷು, ಪುಳಿಯೋಗರೆ ಸಮೇತ ಬಂದಿರಿ. ಸ್ಮಶಾನದಿಂದ ಬಂದವರು ತಲೆಗೆ ಸ್ನಾನ ಮಾಡದೆ ಹೇಗೆ ಊಟಕ್ಕೆ ಕೂರುವುದು ಅಂತ ಒಂದು ಚರ್ಚೆ ನಡೆಯಿತು. ಹಸಿವು ಗೆದ್ದಿತು.

ಚರ್ಚಿನ ನೆಲಮಾಳಿಗೆಯ ಹೆಂಗಸರನ್ನು ಬಿಟ್ಟರೆ ಈ ಬರಹ ಅರ್ಧ. ಇಲ್ಲಿ ಮಣ್ಣು ಕೊಟ್ಟು ಬಂದವರಿಗೆ ಅಲ್ಲೇ ಊಟ: ಹ್ಯಾಮ್ ಸ್ಯಾಂಡ್‌ವಿಚ್, ಜೆಲ್ಲಿ, ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ. ಆ ಆಲೂಗಡ್ಡೆಗೆ ಕೋಳಿ ಸೂಪಿನ ಡಬ್ಬ ಸುರಿಯುತ್ತಾರೆ. ನಾನು ಬರೀ ಬನ್ನು ತಿನ್ನುವುದನ್ನು ಯಾರೋ ನೋಡಿದರು. ಮುಂದಿನ ಸಲದಿಂದ ಒಂದು ಸಣ್ಣ ಪಾತ್ರೆ ಬೇರೆಯಾಗಿ ಇರುತ್ತಿತ್ತು, ಅಣಬೆ ಸೂಪಿನದು. ಮೇಲೆ ಚೀಟಿ, ಚೀಟಿಯಲ್ಲಿ ನನ್ನ ಹೆಸರು, ಕಾಗುಣಿತ ತಪ್ಪಾಗಿ. ಆ ಚೀಟಿಗಳನ್ನು ಎತ್ತಿಟ್ಟಿದ್ದೇನೆ.

ಎರಡನೇ ಕಾಲಮ್ಮಿಗೆ ಮಾತು ಕೊಟ್ಟವರಲ್ಲಿ ಐವರು ಈಗ ಮೊದಲನೇ ಕಾಲಮ್ಮಿನಲ್ಲಿದ್ದಾರೆ. ಅಜ್ಜಿ 2023ರ ನವೆಂಬರಿನಲ್ಲಿ ಹೋದರು. ಅವರ ಸಾಲಿಗೆ ಏನು ಬರೆಯಲಿ ಅಂತ ಅವರ ಮಕ್ಕಳು ನನ್ನನ್ನೇ ಕೇಳಿದರು. “ಯಾರ ಮನೆಯಲ್ಲಿ ಸಾವಾದರೂ ಎರಡು ಪೈ ಮಾಡುತ್ತಿದ್ದರು. ಒಂದು ಆ ಮನೆಗೆ, ಇನ್ನೊಂದು ಚೆನ್ನಾಗಿ ಬಂದಿದೆಯೋ ಇಲ್ಲವೋ ತಿಂದು ನೋಡಲು” ಅಂತ ಬರೆದೆ. ಮಗ ಓದಿ ನಕ್ಕರು, ಆಮೇಲೆ ಕರವಸ್ತ್ರ ತೆಗೆದರು. ಮೊನ್ನೆ ಅವರ ಕಲ್ಲಿನ ಮುಂದೆ ಪಿಯೋನಿ ಹೂವು ಇಟ್ಟಿದ್ದರು, ಬೆಳ್ಳಿ ಕಾಗದ ಸುತ್ತಿದ ಕಾಫಿ ಡಬ್ಬದಲ್ಲಿ. ಇಲ್ಲಿನ ರೂಢಿ ಅದು.

ನನ್ನ ಗಂಡನಿಗೆ ಬೇರೆಯಾಗಿ ಏನೂ ಹೇಳುವುದಿಲ್ಲ. ಐದು ಬೇಸಿಗೆ ನೀರಿನ ಕ್ಯಾನ್ ಹೊತ್ತವರಿಗೆ ಎಲ್ಲವೂ ಗೊತ್ತು.

ಉತ್ತರದ ಬೇಲಿ ಪಕ್ಕ ಆರು ಕಲ್ಲು ಇನ್ನೂ ಓದಲು ಆಗಿಲ್ಲ. ಕನ್ನಡಿಗೂ ಬಗ್ಗಿಲ್ಲ. ಜೂನ್ ಎರಡನೇ ಶನಿವಾರ, ಬೆಳಿಗ್ಗೆ ಎಂಟಕ್ಕೆ, ಬಿಸಿಲು ಓರೆಯಾಗಿ ಬೀಳುವಾಗ ಇನ್ನೊಮ್ಮೆ ನೋಡುತ್ತೇವೆ. ಹತ್ತಿರದಲ್ಲಿರುವವರು ಬನ್ನಿ. ಅಲ್ಲಿನ ಕೈಪಂಪು ಕೆಟ್ಟಿದೆ, ನೀರು ನೀವೇ ತರಬೇಕು.