ಬೆಳಗಾಗಲಿ ಎಂದು ಕಾಯಬೇಡ

ಚಿರಂಜೀವಿ ನಂದಿನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕೋಣೆಯ ಹುಡುಗಿ ಊಟ, ನಿದ್ದೆ ಬಿಟ್ಟಿದ್ದಾಳೆ, ‘ನಾನು ಇರುವುದೇ ಬೇಡ’ ಎನ್ನುತ್ತಾಳೆ ಎಂದೆ. ಫೋನಿನಲ್ಲಿ ಹೇಳಿದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ. ಅದಕ್ಕೇ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ.

ಸಾಯಬೇಕು ಎನ್ನಿಸುತ್ತಿದೆಯೇ ಎಂದು ಅವಳನ್ನು ಇಂದೇ ನೇರವಾಗಿ ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆಂಬ ಭಯ ನಮ್ಮವರಲ್ಲಿ ಬಹಳ. ಹಾಗೇನೂ ಆಗುವುದಿಲ್ಲ, ಒಳಗೇ ನುಂಗಿಕೊಂಡಿದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಬುದ್ಧಿವಾದ ಹೇಳಬೇಡ. ಒಂಟಿಯಾಗಿ ಬಿಡಬೇಡ. ಕೋಣೆಯಲ್ಲಿರುವ ಮಾತ್ರೆಗಳನ್ನೆಲ್ಲ ಅವಳ ಕೈಗೆ ಸಿಗದಂತೆ ತೆಗೆದಿಡು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದರೆ ಆ ಆಣೆ ಮುರಿ. ಪಾಪ ಬಂದರೆ ನನಗಿರಲಿ.

14416 ಎಂಬ ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅವಳು ಒಪ್ಪದಿದ್ದರೆ ನೀನೇ ಕರೆಮಾಡಿ ಏನು ಮಾಡಲಿ ಎಂದು ಕೇಳು.

ಆದರೆ ಅಪಾಯ ಕಣ್ಣೆದುರೇ ಇದ್ದರೆ ಮಾತಿನಲ್ಲಿ ಹೊತ್ತು ಕಳೆಯಬೇಡ. ನೀವಿರುವ ಬಿ.ಟಿ.ಎಂ. ಬಡಾವಣೆಯಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವಿಲ್ಲ; ಅಲ್ಲಿಯ ತುರ್ತು ಚಿಕಿತ್ಸಾ ವಿಭಾಗ ರಾತ್ರಿಯೂ ತೆರೆದಿರುತ್ತದೆ. ಬೆಳಗಿನ ಹೊರರೋಗಿ ಸರದಿಗೆ ಕಾಯಬೇಕಿಲ್ಲ. ಏನನ್ನಾದರೂ ನುಂಗಿದ್ದರೆ, ಗಾಯ ಮಾಡಿಕೊಂಡಿದ್ದರೆ ಮಾತ್ರ ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮನಸ್ಸಿನ ವೈದ್ಯರು ಆಮೇಲೆ. 108ಕ್ಕೆ ಕರೆಮಾಡು, ನಮ್ಮ ಊರಿನ ಸಂಚಾರ ನಿನಗೆ ಗೊತ್ತೇ ಇದೆ, ಆಟೊ ಮೊದಲು ಸಿಕ್ಕರೆ ಅದರಲ್ಲೇ ಹೊರಡು. ಖಾಲಿ ಮಾತ್ರೆ ಹಾಳೆ, ಬಾಟಲಿ ಏನಿದ್ದರೂ ಜೊತೆಗೊಯ್ಯಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಖಂಡಿತ ಬೇಡ. ಬಾಗಿಲು ಹಾಕಿಕೊಂಡು ತೆಗೆಯದಿದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆಮಾಡು.

ಪೊಲೀಸ್ ಕೇಸಾಗುತ್ತದೆಂದು ಪಿ.ಜಿ. ಮಾಲೀಕರು ಹಿಂದೇಟು ಹಾಕಬಹುದು. ಅವಳನ್ನು ಶಿಕ್ಷಿಸುವ ಮಾತೇ ಇಲ್ಲವೆಂದು ಹೇಳು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿದರೂ ಹೆದರಬೇಡಿ.

ಮದುವೆಯಾಗಬೇಕಾದ ಹುಡುಗಿ, ನಿಮ್ಹಾನ್ಸ್ ಚೀಟಿ ಎಂದರೆ ಜನ ಏನೆನ್ನುತ್ತಾರೋ ಎಂದು ಅವಳ ಮನೆಯವರು ಅಳುಕಬಹುದು. ಆ ಮಾತನ್ನು ನನಗೆ ಬಿಡು, ಅವಳ ತಾಯಿಯೊಡನೆ ನಾನೇ ಮಾತನಾಡುತ್ತೇನೆ. ಈಗಲೇ ಅವರ ನಂಬರು ಕಳಿಸು. ನಿನ್ನ ದೊಡ್ಡಪ್ಪ ಕಾರು ತೆಗೆಯುತ್ತಿದ್ದಾರೆ, ಜಯನಗರದಿಂದ ಹೊರಟು ಬರುತ್ತೇವೆ. ನೀನೂ ಬೆಳಗಿನಿಂದ ಏನೂ ತಿಂದಿರಲಾರೆ. ಇಬ್ಬರಿಗೂ ಚಿತ್ರಾನ್ನ ತರುತ್ತೇನೆ.

ನಿನ್ನ
ದೊಡ್ಡಮ್ಮ