ನುಡಿಗಟ್ಟಿನ ಪಟ್ಟಿ ಸಾಕು, ಸಂದರ್ಭ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ದಿನಕ್ಕೆ ಐದರಂತೆ ಬರುವ ಇಂಗ್ಲಿಷ್ ನುಡಿಗಟ್ಟುಗಳನ್ನು ವಿಯೆಟ್ನಾಂನ ಹೋ ಚಿ ಮಿನ್ ನಗರದ ಮಗನ ಮನೆಯಲ್ಲಿ ಕುಳಿತು ಮೊಬೈಲ್‌ನಲ್ಲಿ ಓದುತ್ತಿದ್ದೇನೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅರ್ಥ, ಅಷ್ಟೇ. ಸಾಗರದ ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ 31 ವರ್ಷ ನಾನೂ ಕಪ್ಪುಹಲಗೆಯ ನಡುವೆ ಗೆರೆ ಎಳೆದು ಹೀಗೇ ಬರೆಸಿದವಳು. ಆದ್ದರಿಂದ ಈ ದೂರಿನಲ್ಲಿ ಅರ್ಧ ಪಾಲು ನನ್ನ ಮೇಲೇ.

ಪಕ್ಕದ ಮನೆಯ ಹುಡುಗಿ ಮರದ ಪೀಠೋಪಕರಣ ರಫ್ತು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ನನ್ನನ್ನು ‘ಕೋ’ ಎನ್ನುತ್ತಾಳೆ. ಅತ್ತೆಗೂ ಅದೇ ಮಾತು, ಶಿಕ್ಷಕಿಗೂ ಅದೇ. ಎರಡು ತಿಂಗಳ ಹಿಂದೆ ಒಂದು ಸಂಜೆ ಅಳುಮೋರೆ ಹಾಕಿಕೊಂಡು ಬಂದಳು. ವಿದೇಶದ ಗಿರಾಕಿ ಎರಡನೇ ಕಂಟೇನರನ್ನು ‘ಪುಟ್ ಆಫ್’ ಮಾಡೋಣ ಎಂದು ಬರೆದಿದ್ದನಂತೆ. ‘ಆಫ್’ ಎಂದರೆ ದೀಪ ಆರಿದ ಹಾಗೆ, ಅಲ್ಲಿಗೆ ಮುಗಿಯಿತು ಎಂದುಕೊಂಡ ಈಕೆ, ಆರ್ಡರ್ ರದ್ದಾಗಿದೆ ಎಂದು ಗೋದಾಮಿಗೆ ತಿಳಿಸಿಬಿಟ್ಟಳು. ಕಟ್ಟಿಟ್ಟಿದ್ದ ಕುರ್ಚಿಗಳನ್ನೆಲ್ಲ ಬಿಚ್ಚಿದರು. ಆತ ಕೇಳಿದ್ದು ಎರಡು ವಾರ ಮುಂದೂಡಲು ಮಾತ್ರ. ವಿಚಿತ್ರವೆಂದರೆ, ಆಕೆಯ ನೋಟುಪುಸ್ತಕದಲ್ಲಿ ‘ಪುಟ್ ಆಫ್’ ಇತ್ತು, ಎದುರಿಗೆ ಸರಿಯಾದ ಅರ್ಥವೂ ಇತ್ತು. ಅದರ ಕೆಳಗೆ ರದ್ದು ಮಾಡು ಎನ್ನುವ ‘ಕಾಲ್ ಆಫ್’, ಆಮೇಲೆ ‘ಟರ್ನ್ ಆಫ್’, ‘ಟೇಕ್ ಆಫ್’. ಮಳೆಗೆ ನೆನೆದ ಹಪ್ಪಳದಂತೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಅಕ್ಷರದ ತೊಡಕು ಇಲ್ಲಿನವರಿಗಿಲ್ಲ. ಯುರೋಪಿನ ಪಾದ್ರಿಗಳು ಹೊಂದಿಸಿಕೊಟ್ಟ ರೋಮನ್ ಲಿಪಿಯಲ್ಲೇ ತಮ್ಮ ಭಾಷೆ ಬರೆಯುತ್ತಾರೆ. ಆ ಲಿಪಿಯ ನಿಘಂಟು 1651ರಷ್ಟು ಹಿಂದೆಯೇ ರೋಮಿನಲ್ಲಿ ಅಚ್ಚಾಗಿತ್ತು. ‘ಸಿಟ್ ಡೌನ್’, ‘ಸ್ಟ್ಯಾಂಡ್ ಅಪ್’ ಕೂಡ ಸಲೀಸು, ಏಕೆಂದರೆ ಕುಳಿತುಕೊಳ್ಳುವ, ಏಳುವ ಮಾತಿನ ಬೆನ್ನಿಗೆ ಕೆಳಗೆ, ಮೇಲೆ ಎಂದು ಸೇರಿಸುವ ರೂಢಿ ಅವರಲ್ಲೂ ಇದೆ. ಕೈಬಿಡು ಎನ್ನುವ ‘ಗಿವ್ ಅಪ್’ ಬಂದಾಗ ಮಾತ್ರ ಹುಡುಗಿ, “ಕೋ, ಇಲ್ಲಿ ಮೇಲಕ್ಕೆ ಹೋದದ್ದು ಯಾವುದು?” ಎಂದು ಕೇಳಿದಳು. 31 ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸಾಲದ್ದಕ್ಕೆ ವಿಯೆಟ್ನಾಮೀ ಪದಗಳ ಕೊನೆಯಲ್ಲಿ ‘ಫ್’ ಸದ್ದು ಬರುವುದಿಲ್ಲ. ಆಕೆಯ ‘ಆಫ್’ ನನ್ನ ಕಿವಿಗೆ ಎಷ್ಟೋ ಸಲ ‘ಅಪ್’ ಎಂದೇ ಬೀಳುತ್ತದೆ.

ಲೈಟ್ ಹಾಕು ಎನ್ನಲು ‘ಓಪನ್ ದಿ ಲೈಟ್’ ಎನ್ನುತ್ತಾಳೆ. ಈ ಕಡೆಯವರು ದೀಪವನ್ನು ‘ತೆರೆಯುತ್ತಾರೆ’. ನಗಲು ಹೊರಟವಳಿಗೆ ನಮ್ಮ ಮಕ್ಕಳ ‘ಪುಟ್ ದಿ ಫ್ಯಾನ್’ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಇನ್ನೊಂದೂ ನೆನಪಾಯಿತು. ‘ಈ ಸಲ ಮಳೆ ಕೈಕೊಟ್ಟಿತು’ ಎಂಬ ವಾಕ್ಯವನ್ನು ಒಬ್ಬ ಹುಡುಗ ‘ದಿ ರೇನ್ ಗೇವ್ ಎ ಹ್ಯಾಂಡ್’ ಎಂದು ಬರೆದಿದ್ದ. ಇಂಗ್ಲಿಷಿನವರ ಕಿವಿಗೆ ಅದು, ಮಳೆ ನೆರವಾಯಿತು! ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟಿದ್ದೆ. ಏಕೆ ತಪ್ಪು ಎಂದು ಹೇಳಿಕೊಡಲಿಲ್ಲ.

ನುಡಿಗಟ್ಟು ಈ ಜನರಿಗೇನೂ ಹೊಸದಲ್ಲ. ಹೊಸ ವರ್ಷದ ತೆತ್ ಹಬ್ಬವನ್ನು ಇವರು ‘ತಿನ್ನುತ್ತಾರೆ’, ಮದುವೆಯನ್ನೂ ‘ತಿನ್ನುತ್ತಾರೆ’. ಫೋಟೊದಲ್ಲಿ ಚೆನ್ನಾಗಿ ಕಾಣುವವಳು ‘ಚಿತ್ರ ತಿನ್ನುವವಳು’. ನಮ್ಮಲ್ಲಿ ಲಂಚ ತಿನ್ನುತ್ತಾರೆ, ಪೆಟ್ಟು ತಿನ್ನುತ್ತಾರೆ, ತಲೆಯನ್ನೂ ತಿನ್ನುತ್ತಾರೆ ಎಂದಾಗ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೋಣನ ಮುಂದೆ ಕಿನ್ನರಿ ಬಾರಿಸುವುದಂತೂ ಹೆಚ್ಚುಕಡಿಮೆ ಹಾಗೆಯೇ ಇದೆ: ಎಮ್ಮೆಯ ಕಿವಿಗೆ ತಂತಿವಾದ್ಯ. ಬಾವಿಯ ತಳದ ಕಪ್ಪೆಯೂ ಇದೆ. ಇವನ್ನೆಲ್ಲ ಆಕೆ ಯಾವ ಪಟ್ಟಿಯಿಂದಲೂ ಕಲಿತಿಲ್ಲ. ಅಜ್ಜಿಯಿಂದ ಬೈಸಿಕೊಳ್ಳುವಾಗ ಬಂದದ್ದು.

ಈಗ ನೋಟುಪುಸ್ತಕ ಮುಚ್ಚಿಸಿದ್ದೇನೆ. ಸಂಜೆಗೆ ಒಂದೇ ನುಡಿಗಟ್ಟು, ಅದೂ ಆ ದಿನ ನಡೆದದ್ದಕ್ಕೆ ಹೊಂದುವಂಥದ್ದು. ಹೋದ ಶನಿವಾರ ಕೆಳಗಿನ ಬೀದಿಯಲ್ಲಿ ಒಬ್ಬರು ಧ್ವನಿವರ್ಧಕ ಹೊರಗಿಟ್ಟುಕೊಂಡು ರಾತ್ರಿ ಹತ್ತರವರೆಗೆ ಕರಾವೊಕೆ ಹಾಡಿದರು. ಕಿಟಕಿ ಮುಚ್ಚಿ, ಕಿವಿಗೆ ಕೈ ಹಿಡಿದು, ‘ಪುಟ್ ಅಪ್ ವಿತ್’, ಅಂದರೆ ಸಹಿಸಿಕೊಳ್ಳುವುದು, ಇದೇ ನೋಡು ಎಂದೆ. ಮರುದಿನ ತನ್ನ ಮೇಲಧಿಕಾರಿಯ ಬಗ್ಗೆ ಹೇಳುವಾಗ ಅದನ್ನು ತಾನಾಗಿ ಬಳಸಿದಳು. ‘ಅಪ್’ ಏಕೆ, ‘ವಿತ್’ ಏಕೆ ಎಂದು ಕೇಳಲಿಲ್ಲ.

ನನ್ನ ಕೋರಿಕೆ ಇಷ್ಟೇ. ಐದರ ಬದಲು ಒಂದನ್ನು ಕೊಡಿ. ಉಳಿದ ಜಾಗದಲ್ಲಿ ಅದನ್ನು ಯಾರು, ಯಾರಿಗೆ, ಯಾವಾಗ ಹೇಳುತ್ತಾರೆ ಎಂದು ನಾಲ್ಕು ಸಾಲು ಬರೆಸಿ. ‘ಗಿವ್ ಎ ಹ್ಯಾಂಡ್’ ಮುದ್ರಿಸುವ ದಿನ ಪಕ್ಕದಲ್ಲಿ ನಮ್ಮ ‘ಕೈಕೊಡು’ ಕೂಡ ಇರಲಿ.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ
(ಸದ್ಯ ಹೋ ಚಿ ಮಿನ್ ನಗರ, ವಿಯೆಟ್ನಾಂ)