ಮೂರನೇ ತರಗತಿ ಪೋಷಕರಿಗೆ: ಗುಂಡಿ ಹೊಲಿಯುವ ಪೀರಿಯಡ್ ಬಗ್ಗೆ

ಎಲ್ಲ ಪೋಷಕರಿಗೂ ನಮಸ್ಕಾರ.

ಕಳೆದ ಶನಿವಾರದಿಂದ ತರಗತಿಯ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಮಾತುಕತೆಯನ್ನು ಪೂರ್ತಿ ಓದಿದ್ದೇನೆ. ಕೆಲವರು ಫೋನ್ ಮಾಡಿದರು, ಕೆಲವರು ಶಾಲೆಗೇ ಬಂದು ಮಾತಾಡಿದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಬರೆಯೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ನಡೆದದ್ದೇನು ಅಂತ ಹೇಳಿಬಿಡುತ್ತೇನೆ. ಗುಂಡಿ ಹೊಲಿಯುವಾಗ ಒಬ್ಬ ಹುಡುಗನ ತೋರುಬೆರಳಿಗೆ ಸೂಜಿ ಚುಚ್ಚಿತು. ಒಂದು ಹನಿ ರಕ್ತ ಬಂತು. ಟೀಚರ್ ಸೋಪು ಹಚ್ಚಿ ತೊಳೆದು, ಪಟ್ಟಿ ಅಂಟಿಸಿ, ಆಗಲೇ ಅವರ ಮನೆಗೆ ಫೋನ್ ಮಾಡಿ ತಿಳಿಸಿದರು. ಹುಡುಗ ಸ್ವಲ್ಪ ಹೊತ್ತಿಗೇ ಬಂದು ಕೂತು ಉಳಿದ ಹೊಲಿಗೆ ಮುಗಿಸಿದ. ಇಷ್ಟೇ ಆದದ್ದು. ಗ್ರೂಪಿನಲ್ಲಿ ಅದು 'ಶಾಲೆಯಲ್ಲಿ ಮಗುವಿಗೆ ಗಾಯ' ಅಂತಾಗಿ, ಫಾರ್ವರ್ಡ್ ಆಗಿ, ಏಳನೇ ತರಗತಿಯವರೂ ನನ್ನನ್ನು ಕೇಳುವ ಹಾಗಾಯಿತು. ಇರಲಿ. ಮಕ್ಕಳ ವಿಷಯ ಅಂದರೆ ಯಾರಿಗಾದರೂ ಜೀವ ತಡೆಯುವುದಿಲ್ಲ.

ಟಿಟಿ ಇಂಜೆಕ್ಷನ್ ಹಾಕಿಸಬೇಕಾ ಅಂತ ಒಬ್ಬರು ಕೇಳಿದ್ದರು. ಮನೆಯಲ್ಲಿರುವ ತಾಯಿ ಕಾರ್ಡ್ ಒಮ್ಮೆ ತೆಗೆದು ನೋಡಿ. 5 ರಿಂದ 6 ವರ್ಷದ ನಡುವೆ ಡಿಪಿಟಿ ಎರಡನೇ ಬೂಸ್ಟರ್ ಹಾಕಿಸಬೇಕು, ಅದರಲ್ಲೇ ಧನುರ್ವಾಯುವಿನ ಲಸಿಕೆಯೂ ಇರುತ್ತದೆ. ಮುಂದಿನದು 10 ವರ್ಷಕ್ಕೆ. ಕಾರ್ಡಿನಲ್ಲಿ ಬೂಸ್ಟರ್ ಜಾಗ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ. ಸೂಜಿಗಾಗಿ ಅಲ್ಲ, ಹೇಗಿದ್ದರೂ ಬೇಕಾದದ್ದೇ ಅದು.

ಇನ್ನು ನಮ್ಮ ಕಡೆಯ ವ್ಯವಸ್ಥೆ. ಮಕ್ಕಳು ಮೊದಲು ಹೊಲಿದದ್ದು ಗೋಣಿತಟ್ಟಿನ ತುಂಡಿನ ಮೇಲೆ, ಮೊಂಡು ತುದಿಯ ಪ್ಲಾಸ್ಟಿಕ್ ಸೂಜಿಯಿಂದ. ಅದರಲ್ಲಿ ಕೈ ಕೂತವರಿಗೆ ಮಾತ್ರ ಕಬ್ಬಿಣದ ಸೂಜಿ. ಪ್ರತಿ ಸೂಜಿಗೂ ನಂಬರ್ ಇದೆ. ಒಬ್ಬರದು ಇನ್ನೊಬ್ಬರಿಗೆ ಕೊಡುವುದಿಲ್ಲ. ಎಲ್ಲ ಸೂಜಿಯೂ ವಾಪಸ್ ಬಂದು ನಂಬರಿನ ಬಟ್ಟೆಗೆ ಚುಚ್ಚಿದ ಮೇಲೆಯೇ ಗಂಟೆ ಹೊಡೆಯುವುದು. ಒಮ್ಮೆ ಒಂದು ಸೂಜಿ ಕಡಿಮೆ ಬಂದು ಆಟೋದವರೆಲ್ಲ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತ ನಿಂತಿದ್ದು ನಿಮಗೆ ನೆನಪಿರಬಹುದು. ಸೂಜಿ ಒಬ್ಬಳ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕಿತು. ಆಮೇಲೆಯೇ ಬಿಟ್ಟದ್ದು. ಮುಂದೆಯೂ ಹಾಗೇ ಮಾಡುತ್ತೇವೆ, ಆಟೋ ಕಾಯಲಿ.

ಸೂಜಿಯ ಮಾತು ಇಲ್ಲಿಗೆ ಸಾಕು. ಯಾಕೆಂದರೆ ನಿಜವಾದ ತಕರಾರು ಸೂಜಿಯದಲ್ಲ ಅಂತ ನನಗೆ ಅನ್ನಿಸಿದೆ. ಫೋನ್ ಮಾಡಿದವರಲ್ಲಿ ಬಹಳ ಜನ ಎರಡನೇ ಮಾತಿಗೇ ಬಂದದ್ದು ಇಲ್ಲಿಗೆ: 'ಹುಡುಗಿಯರಿಗೆ ಕಲಿಸ್ರಿ ಮೇಡಂ, ಬ್ಯಾಡ ಅನ್ನಂಗಿಲ್ಲ. ನಮ್ಮ ಹುಡುಗಗ ಯಾಕ ಇದು?'

ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ನಾವೆಲ್ಲ ಬೆಳೆದ ಮನೆಗಳೇ ಹಾಗಿದ್ದವು. ಅಂಗಿ ಹರಿದರೆ ಅವ್ವನ ಕೈಗೆ ಕೊಡುವುದು, ಅವ್ವ ಇಲ್ಲದಿದ್ದರೆ ಅಕ್ಕ. ಆದರೆ ಸ್ವಲ್ಪ ಯೋಚನೆ ಮಾಡಿ. ಕಲಬುರಗಿ ಗಂಜ್‌ನಲ್ಲಿ ತೊಗರಿ ಚೀಲದ ಬಾಯಿ ಹೊಲಿಯುವವರು ಯಾರು? ದಬ್ಬಣ, ಸುತಳಿ ಹಿಡಿದು ಒಂದರ ಹಿಂದೆ ಒಂದು ಚೀಲ ಮುಗಿಸುವ ಹಮಾಲಿ ಅಣ್ಣಂದಿರಿಗೆ ಯಾರಾದರೂ 'ಇದು ಹೆಂಗಸರ ಕೆಲಸ' ಅಂದಿದ್ದಾರಾ? ರಂಜಾನ್ ಹತ್ತಿರ ಬಂದಾಗ ರಾತ್ರಿಯೆಲ್ಲ ಮಷಿನ್ ತುಳಿಯುವ ಟೇಲರ್ ಚಾಚಾಗಳು ಗಂಡಸರಲ್ವಾ? ಕಾಜಾ ಹಾಕಿ ಗುಂಡಿ ಕೂರಿಸಿ ಕೊಡುವ ಹುಡುಗರು? ದುಡ್ಡು ಬರುವಾಗ ಅದು ಗಂಡಸಿನ ಕೆಲಸ, ಮನೆಯಲ್ಲಿ ಸುಮ್ನೆ ಮಾಡುವಾಗ ಹೆಂಗಸಿನ ಕೆಲಸ. ಈ ಲೆಕ್ಕ ನನಗಂತೂ ತಿಳಿಯುವುದಿಲ್ಲ.

ಹಿಂದಿನವರನ್ನು ನೋಡಿದರೂ ಅಷ್ಟೇ. ಬಸವಣ್ಣನವರ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬರಿದ್ದರು. ಬಟ್ಟೆ ಹೊಲಿಯುವುದೇ ಅವರ ಕಾಯಕ, ಹೆಸರಿನ ಜೊತೆಗೇ ಸೂಜಿ ಸೇರಿಕೊಂಡಿದೆ. ದಾಸಿಮಯ್ಯನವರು ಪಕ್ಕದ ಯಾದಗಿರಿ ಜಿಲ್ಲೆಯ ಮುದನೂರಿನವರು, ಮಗ್ಗದಲ್ಲಿ ಬಟ್ಟೆ ನೇಯ್ದವರು. ಬಸವ ಜಯಂತಿಗೆ ಇದೇ ಮಕ್ಕಳಿಂದ ವಚನ ಹೇಳಿಸಿ ನೀವು ವಿಡಿಯೋ ಮಾಡಿಕೊಳ್ಳುತ್ತೀರಿ. ಕಾಯಕದ ಮಾತು ಬಾಯಲ್ಲಿ ಹೇಳಿಸಿ ಸೂಜಿ ಮಾತ್ರ ಹುಡುಗರ ಕೈಯಿಂದ ಕಸಿದುಕೊಳ್ಳಿ ಅಂದರೆ ನಾನು ಹೇಗೆ ಒಪ್ಪಲಿ?

ತಪ್ಪು ತಿಳಿಯಬೇಡಿ. ನಿಮ್ಮ ಮಗನನ್ನು ಟೇಲರ್ ಮಾಡಲು ನಾವು ಹೊರಟಿಲ್ಲ. ಆದರೆ ಅದೂ ಮರ್ಯಾದೆಯ ಕೆಲಸವೇ. ನಮ್ಮ ಶಾಲೆಯ ಸಮವಸ್ತ್ರ ಹೊಲಿದು ಕೊಡುವವರ ಮಕ್ಕಳೂ ಇದೇ ತರಗತಿಯಲ್ಲಿ ಕೂರುತ್ತಾರೆ, ಗ್ರೂಪಿನಲ್ಲಿ ಬರೆಯುವಾಗ ಅದು ನೆನಪಿರಲಿ. ಇಲ್ಲಿ ಕಲಿಸುತ್ತಿರುವುದು ಒಂದು ಗುಂಡಿ ಹೊಲಿಯುವುದು, ಅಷ್ಟೇ. ನಿಮ್ಮಲ್ಲಿ ಎಷ್ಟೋ ಜನ ಈಗಿನಿಂದಲೇ ನವೋದಯ, ಮೊರಾರ್ಜಿ ಅಂತ ಕೋಚಿಂಗ್ ವಿಚಾರಿಸುತ್ತಿದ್ದೀರಿ. ಸೀಟು ಸಿಕ್ಕರೆ ಆರನೇ ತರಗತಿಗೆ ಹುಡುಗ ಹಾಸ್ಟೆಲ್‌ನಲ್ಲಿರುತ್ತಾನೆ. ಬೆಳಗಿನ ಪ್ರಾರ್ಥನೆಗೆ ಹೊರಡುವಾಗ ಅಂಗಿಯ ಗುಂಡಿ ಕಿತ್ತು ಬಂದರೆ ಅಲ್ಲಿ ಅವ್ವನೂ ಇಲ್ಲ, ಅಕ್ಕನೂ ಇಲ್ಲ. ಪಿನ್ನು ಚುಚ್ಚಿಕೊಂಡು ಓಡಾಡುತ್ತಾನೆ. ಪಿನ್ನಿಗೂ ತುದಿ ಇರುತ್ತದೆ ನೋಡಿ.

ಆ ಪೀರಿಯಡ್‌ನಲ್ಲಿ ಹುಡುಗರನ್ನು ಗ್ರೌಂಡಿಗೆ ಬಿಡಿ ಅಂತ ಇಬ್ಬರು ಬರೆದು ಕೊಟ್ಟಿದ್ದಾರೆ. ಅದು ಆಗುವುದಿಲ್ಲ. ಭಯ ಇರುವ ಮಗು, ಅದು ಹುಡುಗ ಇರಲಿ ಹುಡುಗಿ ಇರಲಿ, ಎಷ್ಟು ದಿನ ಬೇಕಾದರೂ ಪ್ಲಾಸ್ಟಿಕ್ ಸೂಜಿಯಲ್ಲೇ ಹೊಲಿಯಲಿ. ಅವಸರ ಇಲ್ಲ, ಮಾರ್ಕ್ಸ್ ಇಲ್ಲ, ಯಾರೂ ಬೈಯುವುದಿಲ್ಲ. ಆದರೆ ಹುಡುಗ ಅನ್ನುವ ಕಾರಣಕ್ಕೆ ಯಾರಿಗೂ ವಿನಾಯಿತಿ ಇಲ್ಲ. ಇದನ್ನು ಬೇಜಾರಿಲ್ಲದೆ ಹೇಳುತ್ತಿದ್ದೇನೆ, ನೀವೂ ಬೇಜಾರಿಲ್ಲದೆ ಓದಿಕೊಳ್ಳಿ.

ಒಬ್ಬ ತಾಯಿ ಹೇಳಿದ ಮಾತು ಮಾತ್ರ ಬೇರೆ ಥರದ್ದು. ಹೊಲಿಗೆ ನಾನೇ ಮನೆಯಲ್ಲಿ ಕಲಿಸುತ್ತೇನೆ, ಫೀಸು ಕಟ್ಟುವುದು ಮಗ್ಗಿ ಕಲಿಯಲಿ ಅಂತ ಎಂದರು. ನ್ಯಾಯವೇ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಗಣಿತದ ಪೀರಿಯಡ್‌ನಿಂದ ಒಂದು ನಿಮಿಷವನ್ನೂ ತೆಗೆದಿಲ್ಲ, ಇದು ಶನಿವಾರದ ಕೈಕೆಲಸದ ಪೀರಿಯಡ್. ಕೈಕೆಲಸದ ಮೂಲಕ ಪಾಠ ಅಂತ ಗಾಂಧೀಜಿ ವಾರ್ಧಾದಲ್ಲಿ ಹೇಳಿದ್ದು 1937ರಲ್ಲಿ. ಹೊಸದೇನೂ ಅಲ್ಲ.

ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಯಾರೂ ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಮಾಡುತ್ತಿರುವುದು ಸಂಚಿ. ಆಯಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆ ಅಡಿಕೆ ಸಂಚಿ ಇದೆಯಲ್ಲ, ಅದೇ ಆಕಾರದ ಪುಟ್ಟ ಚೀಲ. ಅಡಿಕೆ ಬದಲು ರಬ್ಬರು, ಶಾರ್ಪನರ್ ಇಡುವುದಕ್ಕೆ. ಪಕ್ಕದ ಹೊಲಿಗೆ ಟೀಚರ್ ಹಾಕಿ ಕೊಟ್ಟಿದ್ದಾರೆ. ಬಾಯಿಗೆ ಗುಂಡಿ ಕೂರಿಸುವುದು ಮಕ್ಕಳ ಪಾಲು.

ದಾರವನ್ನು ಅವರವರ ಕೈಯಳತೆಯಲ್ಲಿ ಎರಡು ಮೊಳ ಕತ್ತರಿಸಿ, ಜೋಡಿ ಮಾಡಿ, ಗಂಟು ಹಾಕಬೇಕು. ಉದ್ದ ಜಾಸ್ತಿ ಆದರೆ ಸಿಕ್ಕಾಗುತ್ತದೆ. ತುದಿಯನ್ನು ಎಂಜಲು ಮಾಡಬಾರದು, ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದರೆ ಸೂಜಿ ಕಣ್ಣಿಗೆ ತಾನೇ ಹೋಗುತ್ತದೆ. ಸೂಜಿ ಬಟ್ಟೆಯ ಕೆಳಗಿಂದ ಮೇಲೆ ಬಂದು, ಗುಂಡಿಯ ಒಂದು ತೂತಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಇಲ್ಲೇ ಕಷ್ಟ. ಕೆಳಗಿಂದ ಬರುವಾಗ ತೂತು ಕಾಣುವುದಿಲ್ಲ, ಬೆರಳಲ್ಲಿ ತಡಕಿ ಹುಡುಕಬೇಕು. ಬೆರಳಿಗೆ ಚುಚ್ಚುವುದೂ ಆಗಲೇ.

ಗುಂಡಿಯ ಮೇಲೆ, ದಾರದ ಅಡಿಗೆ, ಮದ್ದು ಕಿತ್ತ ಬೆಂಕಿಕಡ್ಡಿ ಒಂದನ್ನು ಇಟ್ಟು ಹೊಲಿಯಬೇಕು. ಹೊಲಿದಾದ ಮೇಲೆ ಕಡ್ಡಿ ಎಳೆದರೆ ದಾರ ಸ್ವಲ್ಪ ಸಡಿಲ ಆಗಿ ಗುಂಡಿ ಮೇಲೆ ಏಳುತ್ತದೆ. ಗುಂಡಿಗೂ ಬಟ್ಟೆಗೂ ನಡುವೆ ದಾರವನ್ನು ಮೂರು ನಾಲ್ಕು ಸುತ್ತು ಸುತ್ತಿ, ಹಿಂದೆ ಗಂಟು ಹಾಕಿದರೆ ಗುಂಡಿಗೆ ಪುಟ್ಟ ಕಾಲು ಬಂದ ಹಾಗೆ. ಈ ಕಾಲು ಇಲ್ಲದಿದ್ದರೆ ಗುಂಡಿ ಬಟ್ಟೆಗೆ ಅಂಟಿಕೊಂಡು, ದಪ್ಪ ಬಟ್ಟೆಯ ಕಾಜಾದಲ್ಲಿ ಸರಿಯಾಗಿ ಕೂರುವುದಿಲ್ಲ. ಅಂಗಡಿಯಲ್ಲಿ ಕೊಂಡ ಅಂಗಿಗಳಲ್ಲಿ ಎಷ್ಟೋ ಸಲ ಇದನ್ನು ಮಾಡಿರುವುದಿಲ್ಲ, ಬೇಕಾದರೆ ನಿಮ್ಮದನ್ನೇ ನೋಡಿಕೊಳ್ಳಿ.

ನಾಲ್ಕು ತೂತಿನ ಗುಂಡಿಗೆ ಅಡ್ಡಡ್ಡ ಎರಡು ಗೆರೆ ಬರಬೇಕಾ, ಕತ್ತರಿ ಗುರುತು ಬರಬೇಕಾ ಅಂತ ಎರಡು ಬೆಂಚಿನವರಿಗೆ ಜಗಳವೇ ಆಯಿತು. ಎರಡೂ ಸರಿ ಅಂದರೆ ಇಬ್ಬರಿಗೂ ಸಮಾಧಾನ ಇಲ್ಲ. ಎಡಗೈ ಬಳಸುವ ಹುಡುಗಿಯೊಬ್ಬಳು ಪಕ್ಕದವಳನ್ನು ನೋಡಿ ಕಲಿಯಲು ಆಗದೆ ಅಳುತ್ತಿದ್ದಳು. ಟೀಚರ್ ಅವಳ ಎದುರಿಗೆ ಬಂದು ಕೂತರು. ಕನ್ನಡಿಯಲ್ಲಿ ನೋಡಿದ ಹಾಗೆ ಕಂಡು, ಅವಳದು ಎಲ್ಲರಿಗಿಂತ ಮೊದಲು ಮುಗಿಯಿತು. ಮನೆಯಲ್ಲಿ ಎಡಗೈ ಮಕ್ಕಳಿದ್ದರೆ ನೀವೂ ಹೀಗೇ ಎದುರು ಕೂತು ಕಲಿಸಿ. ಆ ಕೈ ಬಿಡಿಸಲು ಮಾತ್ರ ಹೋಗಬೇಡಿ.

ಪೆನ್ಸಿಲ್ ಹಿಡಿಯುವ ಮೂರು ಬೆರಳೇ ಸೂಜಿಯನ್ನೂ ಹಿಡಿಯುತ್ತವೆ. ಅಕ್ಷರ ದುಂಡಗಾಗುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ಆದರೆ ಒಂದು ನಿಮಿಷ ಒಂದು ಕಡೆ ಕೂರದ ಮಕ್ಕಳು ಅರ್ಧ ಗಂಟೆ ತಲೆ ತಗ್ಗಿಸಿ ಕೂತಿದ್ದನ್ನು ನಾನೇ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಅದರಲ್ಲಿ ಜಾಸ್ತಿ ಹುಡುಗರೇ, ಬೇಕಾದರೆ ಬಂದು ನೋಡಿ.

ಬರುವ ಶನಿವಾರ ಹಳೇ ಬಟ್ಟೆಯಿಂದ ಬಿಚ್ಚಿದ ದೊಡ್ಡ ಗುಂಡಿ ಎರಡು ಕಳಿಸಿಕೊಡಿ.

ಸೂಜಿ, ದಾರ, ಕತ್ತರಿ ಶಾಲೆಯಲ್ಲೇ ಇವೆ, ಮನೆಯಿಂದ ಬೇಡ. ಹೊಸ ಅಂಗಿಯ ಗುಂಡಿ ಕಿತ್ತುಕೊಂಡು ಬಂದರೆ ನಾವು ಜವಾಬ್ದಾರರಲ್ಲ. ಗುಂಡಿ ಹುಡುಕಲು ಹಳೇ ಡಬ್ಬಿ ಮಕ್ಕಳ ಕೈಗೆ ಕೊಡುವ ಮುಂಚೆ ನೀವೇ ಒಮ್ಮೆ ಕೈಯಾಡಿಸಿ. ಕೈಗಡಿಯಾರದ, ಆಟದ ಸಾಮಾನಿನ ಸಣ್ಣ ಗುಂಡು ಸೆಲ್ಲುಗಳು ಎಷ್ಟೋ ಮನೆಗಳಲ್ಲಿ ಅದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ಅವು ನೋಡಲು ಗುಂಡಿಯ ಹಾಗೇ ಇರುತ್ತವೆ, ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಂಡು ಒಳಗೇ ಸುಡುತ್ತವೆ. ಹಾಗೇನಾದರೂ ಅನುಮಾನ ಬಂದರೆ ಬಾಳೆಹಣ್ಣು ತಿನ್ನಿಸಿ ಕಾಯುತ್ತ ಕೂರದೆ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ.

ಇನ್ನೂ ಮಾತಾಡುವುದಿದ್ದರೆ ಮಧ್ಯಾಹ್ನ ಊಟದ ಬಿಡುವಿನ ನಂತರ ಆಫೀಸಿನಲ್ಲಿರುತ್ತೇನೆ. ಗ್ರೂಪಿನಲ್ಲಿ ಬೇಡ, ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ
ಕಲಬುರಗಿ